‘ಬಾಂಬೆ ಟೈಮ್’ ಎಂದರೆ ಸೋಮಾರಿತನವಲ್ಲ: ಒಂದು ಸ್ಪಷ್ಟನೆ

ಡೊಂಬಿವಿಲಿ, ಮಾಟುಂಗದ ಕನ್ನಡ ಬಳಗಗಳ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಹರಿದಾಡುತ್ತಿದೆ. ಗಿರಣಿ ಕಾರ್ಮಿಕರು ದಿನವೂ 39 ನಿಮಿಷ ತಡವಾಗಿ ಬರುತ್ತಿದ್ದರಂತೆ, ಅದಕ್ಕೇ ಕಚೇರಿಗೆ ತಡವಾದವರನ್ನು ‘ಬಾಂಬೆ ಟೈಮ್‌ನವರು’ ಎನ್ನುತ್ತಾರಂತೆ. ಇದು ತಪ್ಪು.

ಬಾಂಬೆ ಟೈಮ್ ಎಂಬುದು ಮುಂಬಯಿ ನಗರದ ಅಧಿಕೃತ ಸಮಯವೇ ಆಗಿತ್ತು. ಲಂಡನ್ನಿನ ಗ್ರೀನಿಚ್ ಸಮಯಕ್ಕಿಂತ 4 ಗಂಟೆ 51 ನಿಮಿಷ ಮುಂದೆ. 1906ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ಪ್ರಮಾಣಿತ ಸಮಯ 5 ಗಂಟೆ 30 ನಿಮಿಷ ಮುಂದೆ. 39 ನಿಮಿಷ ಬಂದದ್ದು ಈ ವ್ಯತ್ಯಾಸದಿಂದ, ಯಾರ ಆಲಸ್ಯದಿಂದಲೂ ಅಲ್ಲ. ಪ್ರಮಾಣಿತ ಸಮಯಕ್ಕೆ ಆಧಾರ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶ. ಮುಂಬಯಿ ಅದಕ್ಕಿಂತ ಸುಮಾರು ಹತ್ತು ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿ ದಾಟಲು ಸೂರ್ಯನಿಗೆ 4 ನಿಮಿಷ ಬೇಕು. ಇಂದಿಗೂ ದಾದರಿನ ಬಯಲಲ್ಲಿ ಕೋಲು ನೆಟ್ಟು ನೋಡಿ: ನೆರಳು ಅತಿ ಗಿಡ್ಡವಾಗುವುದು ಗಡಿಯಾರದ 12ಕ್ಕಲ್ಲ, ಸರಾಸರಿ 12.39ರ ಹೊತ್ತಿಗೆ.

ಕಾರ್ಮಿಕರ ವಿಷಯದಲ್ಲಂತೂ ಸಂದೇಶ ಇತಿಹಾಸವನ್ನೇ ತಲೆಕೆಳಗು ಮಾಡಿದೆ. ಹೊಸ ಗಡಿಯಾರ ಬಂದಾಗ ಪಾಳಿ ಸೂರ್ಯನ ಲೆಕ್ಕದಲ್ಲಿ 39 ನಿಮಿಷ ಮೊದಲೇ ಶುರುವಾಗುವಂತಾಯಿತು. ಅದನ್ನು ವಿರೋಧಿಸಿ 1906ರ ಜನವರಿಯಲ್ಲೇ ಗಿರಣಿಯಲ್ಲಿ ಮುಷ್ಕರ ನಡೆಯಿತು. ನಗರಪಾಲಿಕೆಯೂ ಹಳೆಯ ಸಮಯಕ್ಕೇ ಅಂಟಿಕೊಂಡು, 1950ರ ದಶಕದವರೆಗೆ ಅದನ್ನು ಉಳಿಸಿಕೊಂಡಿತ್ತು. ಕತ್ತಲಲ್ಲೇ ಎದ್ದು ಗಿರಣಿಯ ಸೈರನ್‌ಗೆ ಓಡುತ್ತಿದ್ದ ಜನರಿಗೆ ಸೋಮಾರಿ ಪಟ್ಟ ಕಟ್ಟುವುದು ನನ್ನ ಮನಸ್ಸಿಗೆ ಬಹಳ ನೋವು ತಂದಿದೆ.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಬಳಗಕ್ಕೆ ಈ ಸ್ಪಷ್ಟನೆಯನ್ನೂ ಹಾಕಿ.