ಸಾರಸದ ಬಾಡಿಗೆ ಯಾರು ಕೊಡ್ತಾರೆ?

ಉದ್ದ ಕಾಲಿನ ಹಕ್ಕಿ ಕಂಡರೆ ನಮಗೆಲ್ಲ ಅದು ಕೊಕ್ಕರೆ. ನಾನೂ ಹಾಗೇ ಅನ್ನುತ್ತಿದ್ದೆ. ಒಮ್ಮೆ ದೆಹಲಿಯಿಂದ ಕಾನ್ಪುರಕ್ಕೆ ಹೋಗುವಾಗ ಉತ್ತರ ಪ್ರದೇಶದ ಇಟಾವಾ ದಾಟಿ ಸಿಗ್ನಲ್‌ಗೆ ರೈಲು ನಿಂತಿತು. ಭತ್ತದ ಗದ್ದೆಯಲ್ಲಿ ಒಂದು ಜೋಡಿ ಸಾರಸ. ಇದು ಕೊಕ್ಕರೆಯಲ್ಲ, ಕ್ರೇನ್ ಜಾತಿಯ ಹಕ್ಕಿ. ಪಕ್ಕದಲ್ಲೇ ಹೆಂಗಸರು ಕಳೆ ಕೀಳುತ್ತಿದ್ದರು. ಅವರಿಗೂ ಹೆದರಿಕೆಯಿಲ್ಲ, ಹಕ್ಕಿಗೂ ಇಲ್ಲ.

ಹಾರುವ ಹಕ್ಕಿಗಳಲ್ಲಿ ಇದೇ ಎಲ್ಲಕ್ಕಿಂತ ಎತ್ತರ, ಆರಡಿ ಹತ್ತಿರ. ಬೂದು ಮೈ, ಕೆಂಪು ತಲೆ. ಆ ಕೆಂಪು ಕುತ್ತಿಗೆಯ ಅರ್ಧದವರೆಗೂ ಇಳಿದಿರುತ್ತದೆ. ಹಿಂಬೆರಳು ಚಿಕ್ಕದು, ಮೇಲಕ್ಕಿರುತ್ತದೆ, ಹಾಗಾಗಿ ಕೊಂಬೆ ಹಿಡಿಯಲು ಬರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಮರದ ಮೇಲೆ ಕೂತ ‘ಸಾರಸ’ ಬಂದರೆ ನಂಬಬೇಡಿ!

ಮರ ಹತ್ತಲಾಗದ ಮೇಲೆ ಸಂಸಾರವೆಲ್ಲ ನೆಲದಲ್ಲೇ. ಮಳೆಗಾಲದಲ್ಲಿ ನಿಂತ ನೀರಿನ ನಡುವೆ ಜೊಂಡು, ಹುಲ್ಲು ಗುಡ್ಡೆ ಹಾಕಿ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ಒಂದು ತಿಂಗಳು ಗಂಡು ಹೆಣ್ಣು ಇಬ್ಬರೂ ಸರದಿಯಲ್ಲಿ ಕಾವು ಕೊಡುತ್ತವೆ. ಜೌಗು ನೆಲವೆಲ್ಲ ಒಣಗಿಸಿ ಉಳುಮೆಗೆ ತೆಗೆದುಕೊಂಡ ಕಡೆ ಉಳಿದ ನೀರು ಎಲ್ಲಿದೆ? ರೈತನ ಗದ್ದೆಯಲ್ಲಿ. ಗೂಡಿಗೆ ಅಷ್ಟು ಪೈರು ಹೋಯಿತು ಅಂತಲೇ ಲೆಕ್ಕ.

ಸಂಗಾತಿ ಸತ್ತರೆ ಸಾರಸ ಅನ್ನ ನೀರು ಬಿಟ್ಟು ಸಾಯುತ್ತದೆ ಅಂತ ಅಲ್ಲಿನ ಜನ ಹೇಳುತ್ತಾರೆ. ಜಹಾಂಗೀರ್ ಸಾಕಿದ ಜೋಡಿಗೆ ಲೈಲಾ ಮಜ್ನು ಅಂತಲೇ ಹೆಸರಿತ್ತು. ಜೋಡಿ ಬದಲಿಸಿದ ಸಾರಸಗಳೂ ಇವೆ, ಅದು ಬೇರೆ ಮಾತು. ಆದರೆ ಆ ಕಥೆಯನ್ನು ಮೂಢನಂಬಿಕೆ ಅಂತ ನಗಲು ನನಗೆ ಮನಸ್ಸಿಲ್ಲ. ಗೂಡಿಗೆ ಯಾರೂ ಕೈ ಹಾಕದಂತೆ ಕಾದದ್ದು ಅದೇ ಅಲ್ವಾ?

ಕೊಕ್ಕರೆ ಬೆಳ್ಳೂರಿನವರು ಮನೆ ಪಕ್ಕದ ಮರಗಳನ್ನು ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳಿಗೆ ಬಿಟ್ಟುಕೊಟ್ಟಿರುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಬರೀ ಅಭಯಾರಣ್ಯದ ಬೋರ್ಡಿನಿಂದ ಸಾರಸ ಉಳಿಯುವುದಿಲ್ಲ. ವಿದ್ಯುತ್ ತಂತಿಗೆ ಬಡಿದು ಸಾಯುತ್ತಿವೆ, ಅದನ್ನು ರೈತ ತಡೆಯಲಾರ. ಅದು ಸರ್ಕಾರದ ಕೆಲಸ. ಗೂಡಿರುವ ಗದ್ದೆಯ ಯಜಮಾನನಿಗೆ ಆ ಬೆಳೆಯ ದುಡ್ಡನ್ನೂ ಸುಮ್ನೆ ಕೊಟ್ಟುಬಿಡಲಿ. ನಾವು ಫೋಟೊ ಹಾಕಿ ಲೈಕ್ ತಗೊಳ್ತೀವಿ, ಬಾಡಿಗೆ ಮಾತ್ರ ಅವನೊಬ್ಬನೇ ಕಟ್ಟಬೇಕಾ?

ರೈಲು ಹೊರಡುವಾಗ ನೋಡಿದೆ. ಕಳೆ ಕೀಳುತ್ತಿದ್ದ ಹೆಂಗಸರು ಆ ಜೋಡಿ ನಿಂತಿದ್ದ ಮೂಲೆಯನ್ನು ಹಾಗೇ ಬಿಟ್ಟು ಪಕ್ಕದ ಮಡಿಗೆ ಇಳಿದಿದ್ದರು.