ಯಾವುದು ಭಾರಿದು ಅದ ಅದೇ ಮಾಡ್ರಿ ಅಂದ್ಳು ಆ ತಾಯಿ

ನಿನ್ನೆ ವರ್ಷದ ಚೆಕಪ್ಪಿಗಂತ ಕಣ್ಣಿನ ದವಾಖಾನಿಗೆ ಹೋಗಿದ್ದೆ. ಅಲ್ಲಿಂದ ಬಂದ ಮ್ಯಾಲ ರಾತ್ರಿ ಎರಡರ ತನಕ ನಿದ್ದಿ ಹತ್ತಲಿಲ್ಲ, ಅದಕ್ಕ ಬರೀಲಾಕ ಹತ್ತೀನಿ. ಉದ್ದ ಆಗ್ತದ, ಆದ್ರ ಮನ್ಯಾಗ ಚಷ್ಮಾ ಹಾಕೊಳ್ಳೋ ಹುಡುಗ್ರು ಇದ್ದೋರು ದಯವಿಟ್ಟು ಪೂರ್ತಿ ಓದ್ರಿ.

ನನ್ನ ಬಾಜೂಕ ಜೇವರ್ಗಿ ಕಡೀದು ತಾಯಿ-ಮಗ ಕುಂತಿದ್ರು. ಹುಡುಗಗ ಇಪ್ಪತ್ತೊಂದು ವರ್ಷ, ಕಾನ್‌ಸ್ಟೇಬಲ್ ಪರೀಕ್ಷಾಕ್ಕ ತಯಾರಿ ಮಾಡ್ಲಾಕ ಹತ್ಯಾನ. ಚಷ್ಮಾ ಇದ್ರ ಮೆಡಿಕಲ್‌ದಾಗ ತೆಗೀತಾರ ಅಂತ ಯಾರೋ ಹೇಳ್ಯಾರಂತ, ಅದಕ್ಕ ಚಷ್ಮಾ ಬಿಡಿಸೋ ಆಪರೇಶನ್ ಕೇಳ್ಲಾಕ ಬಂದಿದ್ರು. ಎದುರಿಗೆ ಟೇಬಲ್ ಮ್ಯಾಲ ಕುಂತ ಹುಡುಗಿ ಒಂದು ಕಾರ್ಡ್ ತೆಗದು ಇಟ್ಳು. ಅದ್ರಾಗ ಚಷ್ಮಾ ನಂಬರ್ ತೆಗಿಯೋ ಮೂರು ಲೇಸರ್ ಆಪರೇಶನ್ನಿನ ಸಾಲು, ಲೇಸಿಕ್, ಬ್ಲೇಡ್ ಇಲ್ಲದ ಲೇಸಿಕ್, ಸ್ಮೈಲ್, ಒಂದೊಂದರ ಮುಂದ ಒಂದೊಂದು ರೇಟು. ಆ ತಾಯಿ ಸೆರಗಿನ ಗಂಟು ಬಿಚ್ಚಿದ್ಳು, ಗಂಜ್ ಮಾರ್ಕೆಟಿನಾಗ ತೊಗರಿ ಮಾರಿದ ರೊಕ್ಕ. "ನಮಗೇನು ತಿಳೀತದ ಯವ್ವಾ, ಇದ್ರಾಗ ಯಾವುದು ಭಾರಿದು ಅದ ಅದೇ ಮಾಡ್ರಿ, ಮಗನ ಕಣ್ಣಿಗೆ ಹಲಕಾದು ಬ್ಯಾಡ" ಅಂದ್ಳು. ಆ ಹುಡುಗಿ ಸ್ಮೈಲ್ ಅನ್ನೋ ಸಾಲಿನ ಮ್ಯಾಲ ಪೆನ್ನಿಲೆ ಗುಂಡಗ ಬರದು "ಸೋಮವಾರ ಬರ್ರಿ, ಅರ್ಧ ಅಡ್ವಾನ್ಸ್ ಇವತ್ತು ಕೊಡ್ರಿ" ಅಂದ್ಳು.

ಕಣ್ಣಿಂದು ಒಂದು ಫೋಟೋ ತೆಗದಿಲ್ಲ, ದಪ್ಪ ಅಳದಿಲ್ಲ, ಡಾಕ್ಟರ್ ಸಾಹೇಬ್ರು ಇನ್ನಾ ನೋಡೇ ಇಲ್ಲ, ಆಪರೇಶನ್ ಯಾವುದು ಅಂತ ಆಗಲೇ ತೀರ್ಮಾನ ಆಗಿ ಹೋಯ್ತು. ಇದೇ ನನಗ ಸಿಟ್ಟು. ದವಾಖಾನಿ ಹೆಸರು ಹೇಳಂಗಿಲ್ಲ, ದಯವಿಟ್ಟು ಕೇಳಬ್ಯಾಡ್ರಿ.

ಹಳೇ ಗೆಳತ್ಯಾರಿಗೆ ಗೊತ್ತದ, ನನ್ನ ನಂಬರ್ ಮೈನಸ್ ಎಂಟಿತ್ತು. ಕಾಲೇಜಿನಾಗ ನನ್ನ ಚಷ್ಮಾ ತೊಗೊಂಡು ನೋಡಿ ತಲಿ ತಿರುಗ್ತದ ಅಂದೋರೆಲ್ಲ ಈ ಲಿಸ್ಟಿನಾಗೇ ಇದ್ದೀರಿ. ನಾನೂ ಮೊದಲು ಹೋದಾಗ ಇಂಥದ್ದೇ ಒಂದು ಕಾರ್ಡ್ ನೋಡಿದ್ದೆ, ಅಡ್ವಾನ್ಸೂ ಕೊಟ್ಟಿದ್ದೆ. ನಮ್ಮ ಸೋದರಮಾವ ಹಟ ಹಿಡದು ಹೈದರಾಬಾದಿಗೆ ಕರಕೊಂಡು ಹೋಗಿ ಇನ್ನೊಬ್ಬ ಡಾಕ್ಟರಿಗೆ ತೋರಿಸಿದ್ರು, ಅದಕ್ಕ ಉಳಕೊಂಡೆ. ಅಲ್ಲಿ ಅವರು ಪೆನ್ಸಿಲ್ ತೊಗೊಂಡು ನನ್ನ ಮುಂದೇ ಲೆಕ್ಕ ಹಾಕಿ ತೋರಿಸಿದ್ರು. ಆ ಲೆಕ್ಕ ನಿಮಗೂ ಹೇಳ್ತೀನಿ.

ಕಣ್ಣಿನ ಮುಂದಿನ ಪಾರದರ್ಶಕ ಪರದಾ ಇರ್ತದಲ್ಲ, ಕಾರ್ನಿಯಾ, ಅದರ ನಡುವಿನ ದಪ್ಪ ಸಾಮಾನ್ಯ ಮಂದಿಗೆ 540 ಮೈಕ್ರಾನ್ ಆಸುಪಾಸು, ಅಂದ್ರ ಅರ್ಧ ಮಿಲಿಮೀಟರಿಗಿಂತ ಜರಾ ಹೆಚ್ಚು, ಅಷ್ಟೇ. ನನ್ನದು 475. ಲೇಸಿಕ್‌ದಾಗ ಮೊದಲು ಮ್ಯಾಲಿನ ಪದರ ನೂರು ನೂರಾ ಹತ್ತು ಮೈಕ್ರಾನ್ ದಪ್ಪ ಮುಚ್ಚಳದಂಗ ಎಬ್ಬಸ್ತಾರ, ಒಳಗ ಲೇಸರ್‌ಲೆ ತಿಕ್ಕತಾರ, ಮತ್ತ ಮುಚ್ಚಳ ಹಾಕ್ತಾರ. ಒಂದೊಂದು ನಂಬರಿಗೆ ಸುಮಾರು 12ರಿಂದ 15 ಮೈಕ್ರಾನ್ ಹೋಗ್ತದ. ನನ್ನ ಎಂಟು ನಂಬರಿಗೆ ನೂರರ ಮ್ಯಾಲ ಹೋಯ್ತು, ಮುಚ್ಚಳದ್ದು ನೂರಾ ಹತ್ತು ಬ್ಯಾರೆ, ಕೆಳಗ ಉಳದದ್ದು 250ರ ಹತ್ರ. ಕನಿಷ್ಠ 250 ಉಳೀಬೇಕು ಅಂತಾರ, ಹುಷಾರಿ ಇರೋ ಡಾಕ್ಟರ್ 300 ಕೇಳ್ತಾರ. ಅದಕ್ಕಿಂತ ತೆಳ್ಳಗಾದ್ರ ಕಣ್ಣಿನೊಳಗಿನ ಒತ್ತಡಕ್ಕ ಪರದಾ ಮುಂದ ಉಬ್ಬತದ, ಆಮ್ಯಾಲ ಚಷ್ಮಾನೂ ಸರಿಯಾಗಿ ಕೆಲಸ ಮಾಡಂಗಿಲ್ಲ.

ಸ್ಮೈಲ್‌ದಾಗ ಮುಚ್ಚಳ ಇಲ್ಲ, ಎರಡು ಮೂರು ಮಿಲಿಮೀಟರ್ ಸೀಳಿನಾಗಿಂದ ಒಳಗಿನ ತೆಳ್ಳನ ಬಿಲ್ಲೆ ಎಳದು ತೆಗೀತಾರ. ಕಣ್ಣು ಒಣಗೋ ತ್ರಾಸು ಕಮ್ಮಿ ಅಂತಾರ, ಒಪ್ಪತೀನಿ, ನರ ಕಮ್ಮಿ ಕತ್ತರಿಸ್ತದ. ಆದ್ರ ದಪ್ಪ ಅದ್ರಾಗೂ ಹೋಗ್ತದಲ್ಲ, ಭಾರಿದು ಅಂತ ಹೆಚ್ಚು ರೊಕ್ಕ ಕೊಟ್ರ ಕಾರ್ನಿಯಾ ದಪ್ಪ ಆಗ್ತದೇನು?

ಇನ್ನ ಪಿಆರ್‌ಕೆ. ಲೇಸಿಕ್ಕಿಗಿಂತ ಹಳೇದು, ಅಮೆರಿಕಾದಾಗ 1995ಕ್ಕೇ ಮಂಜೂರಿ ಸಿಕ್ಕದ. ಮ್ಯಾಲಿನ ಚರ್ಮದಂಥ ಪದರ ತೆಗದು ನೇರ ಲೇಸರ್ ಹೊಡೀತಾರ, ನಾಕೈದು ದಿನ ಪಟ್ಟಿ ಇದ್ದಂಗ ಒಂದು ಲೆನ್ಸ್ ಹಾಕಿರ್ತಾರ, ಆ ದಿನ ಉರಿ ಮತ್ತ ನೀರು ತಡಕೊಳ್ಳಬೇಕು, ನೋಟ ಪೂರಾ ತಿಳಿ ಆಗ್ಲಾಕ ವಾರಗಟ್ಟಲೆ ಬೇಕು. ಆದ್ರ ಮುಚ್ಚಳನೇ ಇಲ್ಲಲ್ಲ, ಪೆಟ್ಟು ಬಿದ್ರ ಸರಿಯೋ ಅಂಜಿಕಿ ಇಲ್ಲ. ಕಬಡ್ಡಿ, ಕುಸ್ತಿ ಆಡೋ ಹುಡುಗ್ರಿಗೆ, ಕಾರ್ನಿಯಾ ಜರಾ ತೆಳ್ಳಗಿದ್ದೋರಿಗೆ ಎಷ್ಟೋ ಸಲ ಇದೇ ಸರಿ. ಆ ಕಾರ್ಡಿನಾಗ ಇದರ ಹೆಸರೇ ಇರಲಿಲ್ಲ.

ನನಗ ಮಾಡಿದ್ದು ಐಸಿಎಲ್. ಕಾರ್ನಿಯಾ ತಿಕ್ಕಂಗೇ ಇಲ್ಲ, ಕಣ್ಣಿನ ಕರೀ ಗುಡ್ಡಿ ಹಿಂದ, ನಮ್ಮದೇ ಲೆನ್ಸಿನ ಮುಂದ ಇನ್ನೊಂದು ಮೆತ್ತನ ಲೆನ್ಸ್ ಇಡ್ತಾರ. ಬ್ಯಾಡಂದ್ರ ತೆಗೀಬಹುದು. ಖರ್ಚು ಭಾಳ, ನನ್ನ ಪಾಟ್ಲಿ ಎರಡು ವರ್ಷ ಬ್ಯಾಂಕಿನಾಗ ಇದ್ವು. ಇದಕ್ಕೂ ಕಣ್ಣಿನೊಳಗ ಜಾಗಾ ಸಾಕಷ್ಟು ಇರಬೇಕು, ಅಳತಿ ತಪ್ಪಿದ್ರ ಒತ್ತಡ ಏರ್ತದ, ಮೋತಿಬಿಂದು ಬರ್ತದ. ಅದಕ್ಕೇ ವರ್ಷಾ ವರ್ಷಾ ಚೆಕಪ್ಪಿಗೆ ಹೋಗ್ತೀನಿ. ಇನ್ನೊಂದು ಮಾತು, ನಂಬರ್ ಹೋದ್ರೂ ಕಣ್ಣು ಮೈನಸ್ ಎಂಟರ ಕಣ್ಣೇ. ಕಣ್ಣಿನ ಒಳಗ ಹಿಂದಿನ ಪರದಾ, ರೆಟಿನಾ, ಎಳದಂಗೇ ಇರ್ತದ, ಹರಿಯೋ ಅಪಾಯ ಹಂಗೇ ಉಳೀತದ. ಆಪರೇಶನ್ ಆಯ್ತು, ಇನ್ನ ಡಾಕ್ಟರ್ ಯಾಕ ಅನ್ನೋರು ಇದನ್ನ ಕೇಳ್ರಿ. ಕಣ್ಣಾಗ ಮಿಂಚು ಹೊಡದಂಗ, ಕರೀ ಚುಕ್ಕಿ ಒಮ್ಮೆಲೇ ಹೆಚ್ಚು ಕಂಡ್ರ ಅವತ್ತೇ ಹೋಗ್ರಿ.

ಮಂದಿ ಅಂತಾರ, ನಮ್ಮ ಅಳಿಯ ಲೇಸಿಕ್ ಮಾಡಿಸಿ ಹತ್ತು ವರ್ಷ ಆಯ್ತು, ಏನೂ ಆಗಿಲ್ಲ, ನೀವು ಸುಮ್ಮ ಅಂಜಸ್ತೀರಿ ಅಂತ. ಖರೆ ಅದ. ಭಾಳ ಮಂದಿಗೆ ಏನೂ ಆಗಂಗಿಲ್ಲ, ಆ ಲೇಸರ್ ಮ್ಯಾಲ ನನಗೂ ಭಾಳ ಗೌರವ ಅದ. ಮದ್ರಾಸಿನಾಗ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಅನ್ನೋ ವಿಜ್ಞಾನಿ ಐಬಿಎಂದಾಗ 1981ರಾಗ ಹಬ್ಬದ ಊಟದ್ದು ಉಳದ ಟರ್ಕಿ ಕೋಳಿ ತುಂಡು ತಂದು ಅದರ ಮ್ಯಾಲ ಎಕ್ಸೈಮರ್ ಲೇಸರ್ ಬಿಟ್ಟು ನೋಡಿದ್ರು, ಸುತ್ತಲೂ ಸುಡಲಾರದೇ ಎಷ್ಟು ಬೇಕೋ ಅಷ್ಟೇ ಕೊರೀತು. ಈಗ ಕಣ್ಣಿನ ಮ್ಯಾಲ ನಡಿಯೋದು ಅದೇ. ಭಾಳ ಸಲ ಮಷೀನ್ ತಪ್ಪು ಮಾಡಂಗಿಲ್ರಿ, ಅದರ ಕೆಳಗ ಯಾವ ಕಣ್ಣು ಮಲಗಿಸ್ತೀರಿ ಅನ್ನೋದ್ರಾಗೇ ತಪ್ಪು ಆಗೋದು. ನಿಮ್ಮ ಅಳಿಯನ ಕಣ್ಣು ಅದಕ್ಕ ಹೊಂದಿತ್ತು, ಛಲೋ ಆಯ್ತು. ಅಳಿಯನ ಕಣ್ಣು ನೋಡಿ ಮಗಳ ಕಣ್ಣಿಗೆ ಆಪರೇಶನ್ ಆರಿಸೋದು ಯಾವ ನ್ಯಾಯ?

ಒಂದು ಮಾತು ಎಲ್ಲಿಯೂ ಹೇಳಿದ್ದಿಲ್ಲ, ಇವತ್ತು ಹೇಳ್ತೀನಿ. ಆ ಹೈದರಾಬಾದ್ ಡಾಕ್ಟರ್ ಲೇಸಿಕ್ ಬ್ಯಾಡ ಅಂದಾಗ ನಾ ಅವರ ಮುಂದ ಅತ್ತು ಕೈ ಮುಗದಿದ್ದೆ, ಹೆಂಗಾರ ಅದನ್ನೇ ಮಾಡ್ರಿ, ಸಹಿ ಹಾಕಿ ಕೊಡ್ತೀನಿ ಅಂದಿದ್ದೆ. ಎರಡು ಮನಿಯೋರು ಚಷ್ಮಾ ನೋಡಿ ಹೊಳ್ಳಿ ಹೋಗಿದ್ರು, ಮೂರನೇದೋರು ಬರೋದಿತ್ತು. ಡಾಕ್ಟರ್ ಒಪ್ಪಲಿಲ್ಲ. ಒಪ್ಪಿದ್ರ ಇವತ್ತು ಈ ಅಕ್ಷರ ನನಗ ಕಾಣ್ತಿದ್ವೋ ಇಲ್ಲೋ.

ಅದಕ್ಕೇ ನಿನ್ನೆ ಸುಮ್ಮ ಕೂಡ್ಲಾಕ ಆಗಲಿಲ್ಲ. ಆ ಹುಡುಗ ಅಷ್ಟೊತ್ತೂ ಬೆರಳ ಗೆಣ್ಣಿಲೆ ಕಣ್ಣು ತಿಕ್ಕತಾನೇ ಇದ್ದ, ಧೂಳಿಗೆ ಸಣ್ಣಂದಿರತ್ಲೆ ತುರಿಕಿ ಅದರಿ ಅಂದ. ನಂಬರ್ ಎಷ್ಟು ಸಲ ಬದಲಾಯ್ತು ತಮ್ಮಾ ಅಂದೆ. ಎರಡು ವರ್ಷದಾಗ ಮೂರು ಸಲ ಅಕ್ಕಾ, ಸಿಲಿಂಡರ್ ನಂಬರೇ ಏರ್ಲಾಕ ಹತ್ತದ ಅಂದ. ಕಾರ್ನಿಯಾ ಎಲ್ಲಾ ಕಡೆ ಒಂದೇ ಸಮ ಬಾಗಿರಲಿಲ್ಲಂದ್ರ ಬರೋ ನಂಬರ್ ಅದು. ನನ್ನ ಎದಿ ಧಸಕ್ ಅಂತು. ಕೆರಟೋಕೋನಸ್ ಅನ್ನೋ ಬ್ಯಾನಿ ಹಿಂಗೇ ಶುರು ಆಗ್ತದ, ಹರೇದಾಗೇ, ತಿಕ್ಕಿ ತಿಕ್ಕಿ ಹೆಚ್ಚಾಗ್ತದ, ಕಾರ್ನಿಯಾ ತೆಳ್ಳಗಾಗಿ ಶಂಕುವಿನಂಗ ಮುಂದ ಬರ್ತದ. ಅಂಥ ಕಣ್ಣಿಗೆ ಲೇಸಿಕ್ಕೂ ಕೂಡದು, ಸ್ಮೈಲೂ ಕೂಡದು. ಅವನಿಗೆ ಅದೇ ಅದ ಅಂತ ಹೇಳ್ಲಾಕ ನಾ ಡಾಕ್ಟರ್ ಅಲ್ಲ. ಆದ್ರ ಟೊಪೋಗ್ರಫಿ, ಅಂದ್ರ ಕಾರ್ನಿಯಾದ ಆಕಾರ ತೋರಿಸೋ ಫೋಟೋ, ಮಾಡಿದ್ರ ಗೊತ್ತಾಗ್ತದ, ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಬ್ಯಾನಿ ಇದ್ರೂ ಬೇಗ ಹಿಡದ್ರ ಸಿ3ಆರ್ ಅಂತ ಅದ, ವಿಟಮಿನ್ ಬಿ2 ಹನಿ ಹಾಕಿ ಅಲ್ಟ್ರಾವೈಲೆಟ್ ಬೆಳಕು ಬಿಟ್ಟು ಕಾರ್ನಿಯಾ ಗಟ್ಟಿ ಮಾಡ್ತಾರ, ಭಾಳ ಮಂದಿಗೆ ಹೆಚ್ಚಾಗೋದು ನಿಂದರ್ತದ.

ಟೇಬಲ್ ಹುಡುಗಿಗೆ "ಮೊದಲು ಟೊಪೋಗ್ರಫಿ ಮಾಡ್ರಿ, ಆಮ್ಯಾಲ ರೊಕ್ಕ ಕೇಳ್ರಿ" ಅಂದೆ. "ಅದು ಆಪರೇಶನ್ ದಿನ ಮಾಡ್ತೀವಿ ಮೇಡಂ, ಪ್ಯಾಕೇಜಿನಾಗೇ ಬರ್ತದ" ಅಂದ್ಳು. ಊರಿಂದ ಬಂದು, ಅರ್ಧ ರೊಕ್ಕ ಕಟ್ಟಿ, ಕಣ್ಣಿಗೆ ಹನಿ ಹಾಕಿಸಿಕೊಂಡು ಕುಂತ ಹುಡುಗಗ ಅವತ್ತು ನಿನಗ ಆಗಂಗಿಲ್ಲ ಅಂತ ಯಾರು ಹೇಳ್ತಾರ?

ಹಳ್ಳಿ ಮಂದಿಗೆ ಇದೆಲ್ಲ ಹೆಂಗ ತಿಳೀಬೇಕು ಅಂತ ಕೇಳ್ತೀರಿ. ಮೈಕ್ರಾನ್ ತಿಳೀಬೇಕಾಗಿಲ್ಲ. ನನ್ನ ಕಾರ್ನಿಯಾ ಎಷ್ಟು ದಪ್ಪ ಅದ, ಆಪರೇಶನ್ ಆದ ಮ್ಯಾಲ ಎಷ್ಟು ಉಳೀತದ, ಆಕಾರ ಸರಿ ಅದನೋ, ಒಂದು ವರ್ಷದಿಂದ ನಂಬರ್ ನಿಂತದನೋ, ಇಷ್ಟು ಕೇಳ್ಲಾಕ ಡಿಗ್ರಿ ಬ್ಯಾಡ. ಗಂಜಿನಾಗ ತೊಗರಿ ತೂಕ ಆಗೂ ಮುಂದ ಕಾಟಾದ ಮ್ಯಾಲಿಂದ ಕಣ್ಣು ತೆಗೀಲಾರದ ಹೆಂಗಸು ಆಕಿ, ಕೇಳಂದ್ರ ಕೇಳ್ತಾಳ. ಕೇಳಬಹುದು ಅಂತ ಯಾರೂ ಹೇಳೇ ಇಲ್ಲ ಆಕಿಗೆ.

ಕಡೀಕ ಆ ತಾಯಿ ರೊಕ್ಕ ತಿರುಗಿ ಗಂಟು ಹಾಕಿದ್ಳು. ನನ್ನ ಡಾಕ್ಟರ್ ವಿಳಾಸ ಹುಡುಗನ ಮೊಬೈಲಿನಾಗ ಬರದು ಕೊಟ್ಟೀನಿ, ಬರೋ ವಾರ ಹೈದರಾಬಾದಿಗೆ ಹೋಗ್ತಾರಂತ. ಬಸ್ ಸ್ಟ್ಯಾಂಡಿನ ತನಕ ಕೂಡೇ ಆಟೋದಾಗ ಹೋದ್ವಿ. ದಾರ್ಯಾಗ ಧೂಳು ಹಾರ್ತು, ಅವನ ಕೈ ಮತ್ತ ಕಣ್ಣಿಗೆ ಹೋಯ್ತು, ಆಕಿ ನನ್ನ ಮಾರಿ ನೋಡಿ ಲಗೂನ ಅವನ ಕೈ ಹಿಡದು ಮಡಲಾಗ ಇಟ್ಕೊಂಡ್ಳು. ಜೇವರ್ಗಿ ಬಸ್ ಹತ್ತೋ ತನಕ ಬಿಡಲಿಲ್ಲ.