ಒಂದೇ ದಿನದಲ್ಲಿ ಹೊಯ್ಸಳರು, ಗೈಡ್ ಸಹಿತ

ಬೆಂಗಳೂರಿನ ಟೂರ್ ಏಜೆಂಟರ ಧೈರ್ಯಕ್ಕೆ ಸರಿಸಾಟಿ ಇಲ್ಲ. ‘ಒಂದೇ ದಿನದಲ್ಲಿ ಶ್ರವಣಬೆಳಗೊಳ, ಬೇಲೂರು, ಹಳೇಬೀಡು. ಪುಷ್‌ಬ್ಯಾಕ್ ಸೀಟು. ಗೈಡ್ ಉಚಿತ’ ಅಂತ ಪಾಂಪ್ಲೆಟ್ ಹಂಚುತ್ತಾರೆ. ಹೋಗಿ ಬರಲು 450 ಕಿಲೋಮೀಟರಿಗೂ ಜಾಸ್ತಿ. ಬಸ್ಸಲ್ಲಿ ಕೂರುವ ಹೊತ್ತು, ತಿನ್ನುವ ಹೊತ್ತು, ಶೌಚಾಲಯದ ಕ್ಯೂನಲ್ಲಿ ನಿಲ್ಲುವ ಹೊತ್ತು ಎಲ್ಲ ಕಳೆದು ಉಳಿದದ್ದು ಹೊಯ್ಸಳರಿಗೆ.

ಬೆಳಿಗ್ಗೆ 6ಕ್ಕೆ ಬನಶಂಕರಿಯಲ್ಲಿ ಹತ್ತಿದವರಿಗೆ ಮೊದಲು ಬೆಂಗಳೂರು ದರ್ಶನ. ಜಯನಗರದಲ್ಲಿ ಇಬ್ಬರು, ಮೆಜೆಸ್ಟಿಕ್‌ನಲ್ಲಿ ಒಂದಷ್ಟು ಜನ, ರಾಜಾಜಿನಗರದಲ್ಲಿ ‘ಐದೇ ನಿಮಿಷ, ಇಲ್ಲೇ ಬಂದ್ಬಿಟ್ವಿ’ ಅನ್ನುವ ಒಂದು ಕುಟುಂಬ. ಗೊರಗುಂಟೆಪಾಳ್ಯ ದಾಟುವ ಹೊತ್ತಿಗೆ ಎಂಟು. ನೆಲಮಂಗಲ ಬಂದ ಕೂಡಲೇ ಕ್ಲೀನರ್ ಟಿವಿ ಹಾಕುತ್ತಾನೆ. ‘ಸಾರ್, ಸ್ವಲ್ಪ ಕರ್ಟನ್ ಎಳ್ಕೊಳ್ಳಿ, ಬಿಸಿಲು ಬಿದ್ದು ಪಿಕ್ಚರ್ ಕಾಣ್ತಿಲ್ಲ.’ ಹಳ್ಳಿಗಾಡು ನೋಡೋಣ ಅಂತ ಜಗಳ ಆಡಿ ಕಿಟಕಿ ಸೀಟು ಹಿಡಿದವರೂ ಕರ್ಟನ್ ಎಳೆಯುತ್ತಾರೆ. ಹೊರಗೆ ಕುಣಿಗಲ್ ಕೆರೆ ಹೋದರೆ ಹೋಗಲಿ, ಒಳಗೆ ಹೀರೋ ಎಂಟ್ರಿ ಆಗುತ್ತಿದೆ.

ತಿಂಡಿಗೆ ನಿಲ್ಲಿಸುವ ಹೋಟೆಲನ್ನು ಆರಿಸುವುದು ಹೊಟ್ಟೆಯಲ್ಲ, ಕಮಿಷನ್ನು. ಡ್ರೈವರಿಗೆ ಒಳಗಿನ ರೂಮಲ್ಲಿ ಬಿಸಿ ಬಿಸಿ ದೋಸೆ, ಫ್ರೀ. ನಮಗೆ ಟೋಕನ್ ಹಿಡಿದು ನಿಂತಷ್ಟೂ ತಣ್ಣಗಾಗುವ ಇಡ್ಲಿ, ದುಡ್ಡಿಗೆ. ನೀರಿನ ಬಾಟಲಿಯ ಮೇಲೆ ಅಚ್ಚಾದ ಬೆಲೆ ಒಂದು, ಕೌಂಟರಿನಲ್ಲಿ ಕೇಳುವ ಬೆಲೆ ಇನ್ನೊಂದು. ಯಾಕಪ್ಪಾ ಅಂದರೆ ‘ಕೂಲಿಂಗ್ ಚಾರ್ಜ್.’ ಬಾಟಲಿ ಮುಟ್ಟಿ ನೋಡಿದರೆ ಬೆಚ್ಚಗಿರುತ್ತದೆ. ಹೆಂಗಸರು ಮಾತ್ರ ಆ ನೀರನ್ನೂ ಕೊಳ್ಳುವುದಿಲ್ಲ. ಮುಂದಿನ ಶೌಚಾಲಯ ಎಲ್ಲಿ, ಅದಕ್ಕೆ ಬಾಗಿಲು ಇದೆಯೋ ಇಲ್ಲವೋ ಅನ್ನುವುದು ಪಾಂಪ್ಲೆಟ್ಟಿನಲ್ಲಿ ಇರುವುದಿಲ್ಲ ನೋಡಿ, ಬೆಳಿಗ್ಗೆಯಿಂದಲೇ ಬಾಯಿ ಒಣಗಿಸಿಕೊಂಡು ಕೂತಿರುತ್ತಾರೆ.

ಹೆದ್ದಾರಿ ಬಿಟ್ಟು ಒಳರಸ್ತೆಗೆ ಇಳಿದ ಮೇಲೆ ಹಂಪುಗಳು ಎಬ್ಬಿಸುವುದರಿಂದ ಹಳ್ಳಿ ಬಂದದ್ದು ತಿಳಿಯುತ್ತದೆ. ಸುಗ್ಗಿ ಕಾಲವಾದರೆ ರಸ್ತೆ ತುಂಬ ಹುರುಳಿ ಹರಡಿರುತ್ತಾರೆ. ಬಸ್ಸು ಅದರ ಮೇಲೆ ಚರಚರ ಅಂತ ಹೋಗುತ್ತದೆ. ಪಕ್ಕಕ್ಕೆ ಸರಿದ ಅಜ್ಜಿ, ಬಸ್ಸು ದಾಟಿದ ಕೂಡಲೇ ಬಂದು ಹುಲ್ಲು ತಿರುವಿ ಹಾಕಿ, ಮುಂದಿನ ಬಸ್ಸಿಗೆ ಕಾಯುತ್ತಾರೆ. ಕಣ ಮಾಡಲು ಜಾಗ ಇಲ್ಲ, ತುಳಿಸಲು ಎತ್ತಿಲ್ಲ, ಟೂರಿಸ್ಟ್ ಬಸ್ಸು ಇದೆ. ಇಡೀ ದಿನದಲ್ಲಿ ನಮ್ಮ ಬಸ್ಸು ಮಾಡಿದ ಉಪಯೋಗದ ಕೆಲಸ ಅದೊಂದೇ ಇರಬೇಕು.

ಆಮೇಲೆ ತಂಗುದಾಣಗಳು. ಒಂದೊಂದು ಊರಿಗೂ ಒಂದು. ನೆತ್ತಿಯ ಮೇಲೆ ಶಾಸಕರ ಫೋಟೊ, ಹೆಸರು, ಯಾವ ಅನುದಾನ, ಎಷ್ಟು ಲಕ್ಷ, ಉದ್ಘಾಟನೆಗೆ ಬಂದ ಮಂತ್ರಿ ಯಾರು, ಎಲ್ಲ ಇದೆ. ಊರಿನ ಹೆಸರು ಮಾತ್ರ ಹುಡುಕಬೇಕು. ಒಳಗೆ ಮೇಕೆಗಳು ಮಲಗಿವೆ, ಪ್ರಯಾಣಿಕರು ಎದುರಿಗಿನ ಹೊಂಗೆ ಮರದ ಕೆಳಗೆ ನಿಂತಿದ್ದಾರೆ. ಅಲ್ಲಿಂದ ಸ್ವಲ್ಪ ದೂರ ಹೋದರೆ ವಿಂಧ್ಯಗಿರಿಯ ಮೇಲೆ 58 ಅಡಿಯ ಗೊಮ್ಮಟ. ಅದನ್ನು ಮಾಡಿಸಿದವನೂ ಮಂತ್ರಿಯೇ, ಗಂಗರ ಚಾವುಂಡರಾಯ, 981ರ ಸುಮಾರಿಗೆ. ಪಾದದ ಪಕ್ಕ ಕನ್ನಡದಲ್ಲಿ ಬರೆಸಿದ್ದು ‘ಶ್ರೀ ಚಾಮುಂಡರಾಜಂ ಮಾಡಿಸಿದಂ’ ಅಂತ, ಅಷ್ಟೇ. ಫೋಟೊ ಇಲ್ಲ. ಪಾಪ, ಪ್ರಚಾರ ಗೊತ್ತಿಲ್ಲದ ಮನುಷ್ಯ.

ಬಾಹುಬಲಿ ಒಂದು ವರ್ಷ ಅಲ್ಲಾಡದೆ ನಿಂತು, ಮೈಗೆಲ್ಲ ಬಳ್ಳಿ ಹಬ್ಬಿತ್ತಂತೆ. ಅವನನ್ನು ನೋಡಲು ನಮಗೆ ಕೊಟ್ಟಿದ್ದು ಒಂದು ಗಂಟೆ, ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಇಳಿಯುವುದೂ ಸೇರಿ. ಬರಿಗಾಲು, ಕಾದ ಬಂಡೆ. ಏದುಸಿರು ಬಿಡುತ್ತಾ ಮೇಲೆ ಮುಟ್ಟಿ, ಗೆದ್ದ ರಾಜ್ಯವನ್ನೇ ಬಿಟ್ಟು ನಿಂತವನ ಮುಂದೆ ಕೈಮುಗಿದರೆ, ಮನಸ್ಸೆಲ್ಲ ಕೆಳಗೆ ಬಿಟ್ಟ ಚಪ್ಪಲಿಯ ಮೇಲೆ.

ಹಾಸನದ ಊಟ ಬಿಡಿ, ಹೇಳಲು ಏನೂ ಇಲ್ಲ.

ಬೇಲೂರಿನಲ್ಲಿ ಉಚಿತ ಗೈಡ್ ಕೆಲಸಕ್ಕೆ ಇಳಿಯುತ್ತಾನೆ. ‘ಕಟ್ಟೋಕೆ 103 ವರ್ಷ, ಮೂರು ತಲೆಮಾರು. ನಿಮಗೆ ನಲವತ್ತೈದು ನಿಮಿಷ. ಫೋಟೊ ಆಮೇಲೆ, ಮೊದಲು ಕತೆ ಕೇಳಿ.’ ಕತೆ ಅಂದರೆ ಜಕಣಾಚಾರಿಯದೇ. ಬಳ್ಳಿಗಾವೆಯಿಂದ ಬಂದ ದಾಸೋಜ ಮತ್ತು ಅವನ ಮಗ ಚಾವಣ ತಾವು ಕೆತ್ತಿದ ಮದನಿಕೆಯರ ಕೆಳಗೆ ಹೆಸರು ಕೊರೆದಿಟ್ಟು ಹೋಗಿದ್ದಾರೆ. ಅವರನ್ನು ಕೇಳುವವರಿಲ್ಲ. ಅಪ್ಪ ಮಗ ಜಗಳ ಆಡದೆ ಕೆಲಸ ಮಾಡಿದರೆ ಅದರಲ್ಲಿ ಕತೆ ಏನಿದೆ, ಅಲ್ವಾ? ನಮ್ಮ ಗುಂಪಿನ ಒಬ್ಬ ಹುಡುಗಿ ತಲೆ ಎತ್ತಿ ನಿಂತುಬಿಟ್ಟಿದ್ದಳು. ಒಬ್ಬ ಮದನಿಕೆಯ ಮೇಲಿನ ಬಳ್ಳಿಯಲ್ಲಿ ನೊಣ ಹಿಡಿಯಲು ಹೊಂಚುತ್ತಿರುವ ಹಲ್ಲಿ ಅವಳ ಕಣ್ಣಿಗೆ ಬಿದ್ದಿತ್ತು. ‘ಅಮ್ಮಾ, ಅಲ್ಲಿ ಹಲ್ಲಿ!’ ಅಂದಳು. ‘ಮನೇಲಿ ಬೇಕಾದಷ್ಟಿವೆ, ನಡಿ, ಬಸ್ಸು ಹೊರಡುತ್ತೆ’ ಅಂದರು ಅಮ್ಮ. ಹೊರಗೆ ಡ್ರೈವರ್ ಹಾರ್ನ್ ಒತ್ತಿಯೇ ಒತ್ತುತ್ತಿದ್ದ.

ಅದೇ ಡ್ರೈವರ್ ದಾರಿಯಲ್ಲಿ ಒಂದು ಕರಕುಶಲ ವಸ್ತುಗಳ ಮಳಿಗೆ ಮುಂದೆ ನಿಲ್ಲಿಸಿ, ಸೀಟು ಹಿಂದಕ್ಕೆ ಚಾಚಿ ನಿದ್ದೆ ಮಾಡಿದ. ಅಲ್ಲಿ ಟೈಮ್ ಇಲ್ಲ, ಹಾರ್ನ್ ಇಲ್ಲ, ಯಾರಿಗೂ ಯಾವ ಅವಸರವೂ ಇಲ್ಲ. ‘ನಿಧಾನಕ್ಕೆ ನೋಡಿ ಮೇಡಂ’ ಅಂತ ನಮಗೆ ಹೇಳಿದ್ದು ಇಡೀ ದಿನದಲ್ಲಿ ಆ ಅಂಗಡಿಯವನೊಬ್ಬನೇ. ನೋಡಿದೆವು. ಗಂಧದ ವಾಸನೆ ಹಚ್ಚಿದ ಮರದ ಆನೆಗಳನ್ನು ಒಂದೊಂದಾಗಿ ನೋಡಿದೆವು.

ಹಾಗಾಗಿ ಹಳೇಬೀಡು ಮುಟ್ಟಿದಾಗ ಬೆಳಕು ಹೋಗುತ್ತಿತ್ತು. ಹೊಯ್ಸಳೇಶ್ವರನ ಗೋಡೆಯ ಸುತ್ತ ಸಾಲು ಸಾಲು ಕಲ್ಲಿನ ಆನೆಗಳು. ಆನೆ ಆಗಲೇ ಆಗಿತ್ತಲ್ಲ, ಜನ ನಂದಿಯ ಮುಂದೆ ಗ್ರೂಪ್ ಫೋಟೊಗೆ ಓಡಿದರು. 1311ರಲ್ಲಿ ಇದೇ ಊರಿಗೆ, ಆಗಿನ ದ್ವಾರಸಮುದ್ರಕ್ಕೆ, ದೆಹಲಿಯಿಂದ ದಂಡು ಕಟ್ಟಿಕೊಂಡು ನುಗ್ಗಿದ ಮಲಿಕ್ ಕಾಫರ್ ಕೂಡ ಇಷ್ಟು ಬೇಗ ಹೊರಟಿರಲಿಕ್ಕಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ಪಟ್ಟಿಗೆ ಸೇರಿದವಲ್ಲ, ಆಮೇಲೆ ಪಾಂಪ್ಲೆಟ್ಟಿಗೆ ‘ಯುನೆಸ್ಕೊ’ ಅಂತ ಸೇರಿತು, ಟಿಕೆಟ್ಟಿಗೆ ಒಂದಿಷ್ಟು ದುಡ್ಡು ಸೇರಿತು. ನಿಮಿಷ ಮಾತ್ರ ಒಂದೂ ಸೇರಲಿಲ್ಲ.

ರಾತ್ರಿ ಹಿರೀಸಾವೆ ದಾಟುವಾಗ ಮ್ಯಾನೇಜರ್ ಮೈಕ್ ಹಿಡಿದ. ‘ಮುಂದಿನ ಶನಿವಾರ ರಾತ್ರಿ ಹೊರಟು, ಭಾನುವಾರ ಒಂದೇ ದಿನದಲ್ಲಿ ಧರ್ಮಸ್ಥಳ, ಕುಕ್ಕೆ, ಹೊರನಾಡು, ಶೃಂಗೇರಿ. ಘಾಟಿ ಎಲ್ಲ ರಾತ್ರಿಯೇ ದಾಟಿಸಿಬಿಡ್ತೀವಿ.’ ಕಾಲು ಒತ್ತಿಕೊಳ್ಳುತ್ತಾ ಕೂತಿದ್ದ ಮುಂದಿನ ಸೀಟಿನ ಯಜಮಾನರು ಅಲ್ಲೇ ಅಡ್ವಾನ್ಸ್ ಕೊಟ್ಟರು. ಒಂದೇ ಷರತ್ತು. ಘಾಟಿಯಲ್ಲಿ ಅವರಿಗೆ ಕಿಟಕಿ ಪಕ್ಕದ ಸೀಟೇ ಬೇಕಂತೆ.